ಕೂಂಡಿ ಮೂರುಸಾಸಿರದ ನೆಲ ಮತ್ತು ಇತಿಹಾಸದ ಎಂ.ಎ.

ಬಿ.ಎ. ತರಗತಿಯಲ್ಲಿ ಇತಿಹಾಸವು ಬಹುಮಟ್ಟಿಗೆ ಸಿದ್ಧ ಕಥನವಾಗಿಯೇ ವಿದ್ಯಾರ್ಥಿಗಳ ಕೈಸೇರುತ್ತದೆ. ಯಾವ ಅರಸು ಯಾವಾಗ ಆಳಿದ, ಯಾವ ಯುದ್ಧಕ್ಕೆ ಏನು ಕಾರಣ, ಯಾವ ಕಾಯಿದೆಯಿಂದ ಏನಾಯಿತು ಎಂಬುದನ್ನು ತಿಳಿದುಕೊಂಡರೆ ಪರೀಕ್ಷೆ ಸಾಗುತ್ತದೆ. ಸ್ನಾತಕೋತ್ತರ ಹಂತಕ್ಕೆ ಬಂದಾಗ ಅದೇ ಕಥನವನ್ನು ಬಿಚ್ಚಿ, ಅದರ ಒಂದೊಂದು ಮಾತೂ ಯಾವ ಕಲ್ಲನ್ನು, ಯಾವ ಕಾಗದವನ್ನು, ಯಾರ ಬಾಯಿಮಾತನ್ನು ನೆಚ್ಚಿಕೊಂಡಿದೆ ಎಂದು ಕೇಳುವ ಕೆಲಸ ಆರಂಭವಾಗಬೇಕು. ಆಯಾ ಕಾಲದವರೇ ಬಿಟ್ಟುಹೋದ ಶಾಸನ, ನಾಣ್ಯ, ಪತ್ರ, ಲೆಕ್ಕದ ಕಡತಗಳನ್ನು ಪ್ರಾಥಮಿಕ ಆಕರಗಳೆಂದೂ, ಅವುಗಳನ್ನು ಆಧರಿಸಿ ಆನಂತರದ ವಿದ್ವಾಂಸರು ಬರೆದ ಗ್ರಂಥಗಳನ್ನು ದ್ವಿತೀಯಕ ಆಕರಗಳೆಂದೂ ಕರೆಯಲಾಗುತ್ತದೆ. ಹಿಂದಿನವರು ಇತಿಹಾಸವನ್ನು ಯಾವ ಉದ್ದೇಶದಿಂದ, ಯಾವ ದೃಷ್ಟಿಯಿಂದ ಬರೆದರು ಎಂಬುದರ ಅಧ್ಯಯನಕ್ಕೆ ಇತಿಹಾಸಲೇಖನ ಶಾಸ್ತ್ರವೆಂದು ಹೆಸರು. ಈ ಶಿಸ್ತು ವಿಶ್ವವಿದ್ಯಾಲಯದೊಳಗೆ ನೆಲೆಯೂರಿದ್ದು 19ನೆಯ ಶತಮಾನದಲ್ಲಿ. ಬರ್ಲಿನ್ ವಿಶ್ವವಿದ್ಯಾಲಯದ ಲಿಯೋಪೋಲ್ಡ್ ಫಾನ್ ರಾಂಕೆ ಅವರು ಉಪನ್ಯಾಸದ ಜೊತೆಗೆ ಕೆಲವೇ ವಿದ್ಯಾರ್ಥಿಗಳನ್ನು ಸುತ್ತ ಕೂರಿಸಿಕೊಂಡು ಮೂಲದಾಖಲೆಗಳನ್ನು ಸಾಲುಸಾಲಾಗಿ ಓದಿ ಚರ್ಚಿಸುವ ಪದ್ಧತಿಯನ್ನು ರೂಢಿಗೆ ತಂದರು. ಇಂದಿನ ಸೆಮಿನಾರಿನ ಮೂಲ ಅಲ್ಲಿದೆ.

ಈ ಬಗೆಯ ತರಬೇತಿಯ ಅಗತ್ಯ ಹೆಚ್ಚಾಗಿ ಕಾಣುವ ಪ್ರದೇಶಗಳಲ್ಲಿ ಕೃಷ್ಣಾ ತೀರದ ಕುಡಚಿ ಮತ್ತು ಅದರ ಸುತ್ತಲಿನ ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ತಾಲ್ಲೂಕುಗಳೂ ಸೇರುತ್ತವೆ. ಈ ಸೀಮೆಯ ಭೂತಕಾಲವನ್ನು ಒಂದೇ ಭಾಷೆಯಿಂದ ಓದಲು ಬರುವುದಿಲ್ಲ. ಹನ್ನೆರಡನೆಯ ಶತಮಾನದ ದಾನಪತ್ರ ಹಳಗನ್ನಡ ಮತ್ತು ಸಂಸ್ಕೃತದಲ್ಲಿದ್ದರೆ, ಆದಿಲಶಾಹಿ ಕಾಲದ ಫರ್ಮಾನು ಪಾರಸಿಯಲ್ಲಿದೆ. ಪೇಶ್ವೆಗಳ ಮತ್ತು ಸಂಸ್ಥಾನಿಕರ ಕಾಲದ ಕಡತ ಮೋಡಿ ಲಿಪಿಯ ಮರಾಠಿಯಲ್ಲಿದೆ. ಕಲೆಕ್ಟರರ ವರದಿ ಇಂಗ್ಲಿಷಿನಲ್ಲಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ನೆರೆಮನೆಯಲ್ಲಿ ಉರ್ದು ಕೇಳುತ್ತ ಬೆಳೆದ ಇಲ್ಲಿನ ಹುಡುಗ ಹುಡುಗಿಯರಿಗೆ ಈ ಆಕರಗಳನ್ನು ಓದುವ ಅರ್ಧ ಸಾಮರ್ಥ್ಯ ಹುಟ್ಟಿನಿಂದಲೇ ಬಂದಿದೆ. ಉಳಿದರ್ಧವನ್ನು, ಅಂದರೆ ಲಿಪಿ, ವ್ಯಾಕರಣ ಮತ್ತು ಪರಿಶೀಲನೆಯ ಕ್ರಮವನ್ನು ಒದಗಿಸಬೇಕಾದುದು ವಿಶ್ವವಿದ್ಯಾಲಯ.

ಧಾರವಾಡದಲ್ಲಿ ವಿಶ್ವವಿದ್ಯಾಲಯ ಬರುವ ಮೊದಲು ಈ ಭಾಗದವರಿಗೆ ಉನ್ನತ ಇತಿಹಾಸಾಧ್ಯಯನವೆಂದರೆ ಮುಂಬಯಿ ವಿಶ್ವವಿದ್ಯಾಲಯವೇ ಆಗಿತ್ತು. ಅಲ್ಲಿನ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಫಾದರ್ ಹೆನ್ರಿ ಹೆರಾಸ್ ಅವರು 1926ರಲ್ಲಿ ಸ್ಥಾಪಿಸಿದ ಸಂಶೋಧನ ಸಂಸ್ಥೆಯಿಂದ ಕರ್ನಾಟಕದ ಇತಿಹಾಸಕ್ಕೆ ದೊಡ್ಡ ಉಪಕಾರವಾಯಿತು. ಕದಂಬರನ್ನು ಕುರಿತು 1931ರಲ್ಲಿ ಗ್ರಂಥ ಪ್ರಕಟಿಸಿದ ಜಾರ್ಜ್ ಮೊರಾಯೆಸ್ ಅವರು ಹೆರಾಸರ ಶಿಷ್ಯರು. ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆಯೂ, 1949ರ ಕಾಯಿದೆಯಂತೆ ಕರ್ನಾಟಕ ವಿಶ್ವವಿದ್ಯಾಲಯವೂ ಬಂದ ಮೇಲೆ ದಾರಿ ಹತ್ತಿರವಾಯಿತು. 1962ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದವು. ಕುಡಚಿಯ ನಿಲ್ದಾಣದಲ್ಲಿ ರೈಲು ಹತ್ತುವ ವಿದ್ಯಾರ್ಥಿ ದಕ್ಷಿಣಕ್ಕೆ ಹೊರಟರೆ ಬೆಳಗಾವಿ, ಧಾರವಾಡ; ಉತ್ತರಕ್ಕೆ ಹೊರಟರೆ ಮೀರಜ, ಕೊಲ್ಹಾಪುರ. ನಿಪ್ಪಾಣಿಗೆ ಅಂಟಿಕೊಂಡಂತಿರುವ ದೇವಚಂದ ಕಾಲೇಜು ಗಡಿಯಾಚೆಗೆ ಮಹಾರಾಷ್ಟ್ರದ ಅರ್ಜುನನಗರದಲ್ಲಿದ್ದು ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿರುವುದರಿಂದ, ಒಂದೇ ಊರಿನ ಇಬ್ಬರು ವಿದ್ಯಾರ್ಥಿಗಳು ಒಂದೇ ನೆಲದ ಇತಿಹಾಸವನ್ನು ಎರಡು ಪಠ್ಯಕ್ರಮಗಳಲ್ಲಿ ಓದುವುದೂ ಇಲ್ಲಿ ಸಹಜ.

ಆಕರವನ್ನು ಓದುವುದೆಂದರೇನು ಎಂಬುದಕ್ಕೆ ಈ ಸೀಮೆಯ ಶಾಸನಗಳೇ ಒಳ್ಳೆಯ ಪಾಠ. ಸವದತ್ತಿಯಿಂದಲೂ ಅನಂತರ ಬೆಳಗಾವಿಯಿಂದಲೂ ಆಳಿದ ರಟ್ಟರ ನಾಡಿಗೆ ಕೂಂಡಿ ಮೂರುಸಾಸಿರವೆಂದು ಹೆಸರಿತ್ತು. ಅದರ ಪಡುವಣ ಅಂಚಿನಲ್ಲಿ ಕೊಲ್ಹಾಪುರದ ಶಿಲಾಹಾರರಿದ್ದರು. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ ರಾಯಬಾಗದ ಶಾಸನ 1201ರದು, ಭೋಜದಲ್ಲಿ ದೊರೆತ ತಾಮ್ರಶಾಸನ 1208ರದು. ಕಲ್ಲಿನ ಬರಹದ ನಕಲು ತೆಗೆಯುವ ಪಡಿಯಚ್ಚು ವಿಧಾನದಲ್ಲಿ ಮೊದಲು ಕಲ್ಲನ್ನು ನೀರು ಹಾಕಿ ಬ್ರಷ್ಷಿನಿಂದ ಉಜ್ಜಿ, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹರಡಿ, ಅಕ್ಷರಗಳ ತಗ್ಗಿಗೆ ಕಾಗದ ಇಳಿಯುವವರೆಗೆ ಬ್ರಷ್ಷಿನಿಂದ ತಟ್ಟುತ್ತಾರೆ. ಅದು ಅರೆಬರೆ ಒಣಗಿದಾಗ ಮಸಿಯ ಉಂಡೆಯಿಂದ ಮೆಲ್ಲಗೆ ಒತ್ತಿದರೆ ಕಪ್ಪು ಹಿನ್ನೆಲೆಯಲ್ಲಿ ಅಕ್ಷರಗಳು ಬೆಳ್ಳಗೆ ಎದ್ದು ಕಾಣುತ್ತವೆ. ಮುಂದಿನದು ಕಾಲನಿರ್ಣಯ. ಒಂದು ಶಾಸನದಲ್ಲಿ ಶಕ 1124, ದುರ್ಮತಿ ಸಂವತ್ಸರ, ವೈಶಾಖ ಮಾಸ ಎಂದಿದೆ ಎಂದು ಭಾವಿಸಿದರೆ, ಶಕವರ್ಷಕ್ಕೆ 78 ಕೂಡಿಸುವ ಸಾಮಾನ್ಯ ಸೂತ್ರದಂತೆ ಕ್ರಿಸ್ತಶಕ 1202 ಬರುತ್ತದೆ. ಆದರೆ ಅರವತ್ತು ವರ್ಷಗಳ ಚಕ್ರದಲ್ಲಿ ದುರ್ಮತಿ ಬಿದ್ದದ್ದು 1201-02ರಲ್ಲಿ. ಮುಗಿದ ವರ್ಷವನ್ನು ಎಣಿಸುವ ಗತವರ್ಷದ ಪದ್ಧತಿ, ನಡೆಯುತ್ತಿರುವ ವರ್ಷವನ್ನೇ ಎಣಿಸುವ ವರ್ತಮಾನವರ್ಷದ ಪದ್ಧತಿ ಎಂದು ಎರಡು ಬಗೆಗಳಿದ್ದವೆಂದು ತಿಳಿದವರು ಮಾತ್ರ ಇಲ್ಲಿ ಬರೆಸಿದವನು ಎರಡನೆಯದನ್ನು ಬಳಸಿದ್ದಾನೆಂದು ಗುರುತಿಸಿ 1201 ಎಂದು ನಿಶ್ಚಯಿಸುತ್ತಾರೆ. ಒಂದು ವರ್ಷದ ವ್ಯತ್ಯಾಸ ಚಿಕ್ಕದೆಂದು ತೋರಬಹುದು. ಪಟ್ಟವೇರಿದ್ದು ಯಾರು, ದತ್ತಿ ಕೊಟ್ಟಾಗ ಬದುಕಿದ್ದವರು ಯಾರು ಎಂಬ ವಾದಗಳೆಲ್ಲ ಎಷ್ಟೋ ಸಲ ಅಂಥ ಒಂದು ವರ್ಷದ ಮೇಲೆಯೇ ನಿಂತಿರುತ್ತವೆ.

ಬೆಳಗಾವಿ ಪ್ರದೇಶದ ರಟ್ಟ ಶಾಸನಗಳನ್ನು ಮೊದಲು ವ್ಯವಸ್ಥಿತವಾಗಿ ಪ್ರಕಟಿಸಿದವರಲ್ಲಿ ಮುಂಬಯಿ ಇಲಾಖೆಯ ಅಧಿಕಾರಿ ಜೆ.ಎಫ್. ಫ್ಲೀಟ್ ಪ್ರಮುಖರು. ಕನ್ನಡ ಜಿಲ್ಲೆಗಳ ಅರಸುಮನೆತನಗಳನ್ನು ಕುರಿತ ಅವರ ಗ್ರಂಥ 1882ರಲ್ಲಿಯೂ, ಬೆಳಗಾವಿ ಜಿಲ್ಲೆಯ ಗ್ಯಾಸೆಟಿಯರ್ 1884ರಲ್ಲಿಯೂ ಬಂದವು. ಇಂದಿಗೂ ಅನೇಕ ವಿದ್ಯಾರ್ಥಿಗಳ ಓದು ಇವೆರಡರಿಂದ ಆರಂಭವಾಗುತ್ತದೆ, ಮತ್ತು ದುರದೃಷ್ಟವಶಾತ್ ಕೆಲವರ ಓದು ಅಲ್ಲಿಗೇ ಮುಗಿಯುತ್ತದೆ. ಗ್ಯಾಸೆಟಿಯರ್ ಆಡಳಿತದ ಅನುಕೂಲಕ್ಕಾಗಿ ಸಿದ್ಧವಾದ ಕೃತಿಯೆಂಬುದನ್ನು ಮರೆತು ಅದರ ಜಾತಿವರ್ಣನೆಗಳನ್ನು ಯಥಾವತ್ತಾಗಿ ಎತ್ತಿಕೊಳ್ಳುವುದು ಸಂಶೋಧನೆಯಾಗುವುದಿಲ್ಲ.

ಈ ನೆಲದಿಂದಲೇ ಎದ್ದುಬಂದು ಆಕರವಿಮರ್ಶೆಯಲ್ಲಿ ವಿಶ್ವಮಾನ್ಯತೆ ಪಡೆದವರು ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1906ರಲ್ಲಿ ಜನಿಸಿದ ಆದಿನಾಥ ನೇಮಿನಾಥ ಉಪಾಧ್ಯೆ. ಕನ್ನಡ ಮನೆಮಾತಿನ ಅವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ದೀರ್ಘಕಾಲ ಅರ್ಧಮಾಗಧಿಯನ್ನು ಕಲಿಸಿದರು. 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನೂ, 1959ರಲ್ಲಿ ಉದ್ಯೋತನಸೂರಿಯ ಕುವಲಯಮಾಲೆಯನ್ನೂ ಸಂಪಾದಿಸಿ ಹೊರತಂದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬೇರೆ ಬೇರೆ ಭಂಡಾರಗಳಲ್ಲಿ ಚದುರಿದ ಹಸ್ತಪ್ರತಿಗಳನ್ನು ಕೂಡಿಹಾಕಿ, ಪಾಠಾಂತರಗಳನ್ನು ಅಂದರೆ ಪ್ರತಿಯಿಂದ ಪ್ರತಿಗೆ ಬದಲಾಗುವ ಪದಗಳನ್ನು ಹೋಲಿಸಿ, ಮೂಲಕ್ಕೆ ಹತ್ತಿರವಾದುದನ್ನು ನಿರ್ಣಯಿಸುವ ಅವರ ಕೆಲಸ ಇತಿಹಾಸ ವಿಭಾಗದ ವಿದ್ಯಾರ್ಥಿಗಳಿಗೂ ಮೇಲ್ಪಂಕ್ತಿಯಾಗಬೇಕು. ಸದಲಗಾದಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ದೂರವೇನಲ್ಲ. ಅವರ ಹೆಸರು ಇಲ್ಲಿನ ತರಗತಿಗಳಲ್ಲಿ ಇನ್ನೂ ಹೆಚ್ಚು ಕೇಳಿಬರುವುದು ನ್ಯಾಯ.

ಮರಾಠರ ಮತ್ತು ಅನಂತರದ ಕಾಲಕ್ಕೆ ಬಂದಾಗ ತೊಡಕು ಮತ್ತೊಂದು ಬಗೆಯದು: ಕಡತಗಳು ಒಂದೆಡೆ ಇಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಚಿಕ್ಕೋಡಿ ಮತ್ತು ಅಥಣಿ ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳಾಗಿದ್ದರೆ, ರಾಯಬಾಗ 1949ರವರೆಗೂ ಕೊಲ್ಹಾಪುರ ಸಂಸ್ಥಾನದಲ್ಲಿತ್ತು; ಕಾಗವಾಡ, ಶೇಡಬಾಳಗಳು ಒಂದು ಕಾಲಕ್ಕೆ ಪಟವರ್ಧನ ಮನೆತನದ ಶಾಖೆಗಳ ಜಹಗೀರುಗಳಾಗಿದ್ದವು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತಾದರೂ ಹಳೆಯ ದಫ್ತರಗಳು ತಮ್ಮ ತಮ್ಮ ಸ್ಥಳಗಳಲ್ಲಿಯೇ ಉಳಿದವು. ಆದ್ದರಿಂದ ರಾಯಬಾಗದ ಒಂದು ಹಳ್ಳಿಯ ಭೂಕಂದಾಯವನ್ನು ಕುರಿತು ಬರೆಯಲು ಹೊರಟವರು ಕೊಲ್ಹಾಪುರದ ಪತ್ರಾಗಾರಕ್ಕೂ, ಪುಣೆಯ ಪೇಶ್ವೆ ದಫ್ತರಕ್ಕೂ, ಮುಂಬಯಿಯ ರಾಜ್ಯ ಪತ್ರಾಗಾರಕ್ಕೂ ಹೋಗಬೇಕಾಗುತ್ತದೆ. ಅಲ್ಲಿ ಎದುರಾಗುವ ಮೋಡಿ ಲಿಪಿಯು ಲೆಕ್ಕಣಿಕೆಯನ್ನು ಕಾಗದದಿಂದ ಆದಷ್ಟು ಎತ್ತದೆ ವೇಗವಾಗಿ ಬರೆಯುವುದಕ್ಕೆ ಒಗ್ಗಿದ ಲಿಪಿ. ಪದಗಳ ನಡುವೆ ಬಿಡುವಿಲ್ಲದೆ, ಹ್ರಸ್ವ ದೀರ್ಘಗಳ ಭೇದವನ್ನು ಹೆಚ್ಚು ಪಾಲಿಸದೆ ಸಾಗುವುದರಿಂದ ಮರಾಠಿ ಚೆನ್ನಾಗಿ ಬಲ್ಲವರಿಗೂ ಅದು ಮೊದಲ ನೋಟಕ್ಕೆ ದಕ್ಕುವುದಿಲ್ಲ. ಆದರೆ ವತನ, ಇನಾಮು, ಉತಾರ, ಕುಲಕರ್ಣಿ, ದೇಸಾಯಿ ಎಂಬ ಪದಗಳು ಈ ಭಾಗದ ರೈತರ ಬಾಯಲ್ಲಿ ಇಂದಿಗೂ ಜೀವಂತವಾಗಿರುವುದರಿಂದ, ಲಿಪಿ ಒಮ್ಮೆ ಹಿಡಿತಕ್ಕೆ ಬಂದರೆ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ. ಗಡಿಜಿಲ್ಲೆಯ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ಮಾಡುವ ಪ್ರತಿಯೊಬ್ಬರಿಗೂ ಮೋಡಿ ಮತ್ತು ಹಳಗನ್ನಡ ಲಿಪಿಗಳಲ್ಲಿ ಒಂದನ್ನಾದರೂ ಕಡ್ಡಾಯವಾಗಿ ಕಲಿಸಬೇಕೆಂಬುದು ಇದರಿಂದ ಸಹಜವಾಗಿ ಹೊರಡುವ ಬೇಡಿಕೆ.

ಕುಡಚಿಯಂಥ ಊರಿನ ದರ್ಗಾ ಪರಂಪರೆಯನ್ನು ಅರಿಯಲೂ ಬೇರೆ ಬೇರೆ ಬಗೆಯ ಆಕರಗಳನ್ನು ಓದಬೇಕಾಗುತ್ತದೆ. ರಿಚರ್ಡ್ ಈಟನ್ ಅವರು 1978ರಲ್ಲಿ ಪ್ರಕಟಿಸಿದ ವಿಜಯಪುರದ ಸೂಫಿಗಳ ಅಧ್ಯಯನದಲ್ಲಿ ಆಸ್ಥಾನದ ಚರಿತ್ರೆ, ಫರ್ಮಾನುಗಳ ಜೊತೆಗೆ, ಹೆಂಗಸರು ಬೀಸುವಾಗ ಹಾಡುತ್ತಿದ್ದ ದಖನಿ ಭಾಷೆಯ ಚಕ್ಕಿನಾಮಾಗಳನ್ನೂ ಆಕರವಾಗಿ ಬಳಸಿ, ಸೂಫಿ ವಿಚಾರ ಹಳ್ಳಿಯ ಮನೆಯೊಳಕ್ಕೆ ಹೊಕ್ಕ ಬಗೆಯನ್ನು ವಿವರಿಸಿದರು. ಬೀಸುಕಲ್ಲಿನ ಪದಗಳನ್ನು ಕೇಳಿ ಬೆಳೆದ ಪ್ರದೇಶದವರಿಗೆ ಈ ವಿಧಾನ ಪರಕೀಯವೆನಿಸಬೇಕಾಗಿಲ್ಲ.

ಎಂ.ಎ. ಎರಡು ವರ್ಷಗಳ, ನಾಲ್ಕು ಸೆಮಿಸ್ಟರುಗಳ ಓದು. ಅದರ ಮುಂದಿನ ಹಾದಿ ಪಿಎಚ್.ಡಿ.; 2022ರ ಯುಜಿಸಿ ನಿಯಮದಂತೆ ಎಂ.ಫಿಲ್. ಪದವಿ ನಿಂತುಹೋಗಿದ್ದು, ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷಗಳ ಅವಧಿಯಿದೆ. ಮೊದಲು ವಿಧಾನಗಳನ್ನು ಕಲಿಸುವ ಕೋರ್ಸ್‌ವರ್ಕ್, ಆಮೇಲೆ ಮಾರ್ಗದರ್ಶಕರ ಕೈಕೆಳಗೆ ಆಕರಸಂಗ್ರಹ, ಮಹಾಪ್ರಬಂಧ, ಕೊನೆಗೆ ಮೌಖಿಕ ಪರೀಕ್ಷೆ. ಅಧ್ಯಾಪಕ ಹುದ್ದೆಗೆ ನೆಟ್ ಅಥವಾ ರಾಜ್ಯದ ಕೆ-ಸೆಟ್ ಪರೀಕ್ಷೆಯತ್ತ ಎಲ್ಲರ ಕಣ್ಣಿರುವುದರಿಂದ, ಬಹು ಆಯ್ಕೆಯ ಪ್ರಶ್ನೆಗಳಿಗೆ ಬೇಕಾದ ನೆನಪಿನ ಕಸರತ್ತು ಆಕರದ ಓದನ್ನು ಹಿಂದಕ್ಕೆ ತಳ್ಳುತ್ತಿದೆ. ಕೂಲಿಕಾರರ, ಕಬ್ಬು ಬೆಳೆಗಾರರ ಮಕ್ಕಳು ಬೇಗ ನೌಕರಿ ಹಿಡಿಯಬೇಕೆಂದು ಬಯಸುವುದು ತಪ್ಪಲ್ಲ. ಅವರಿಗೆ ಪತ್ರಾಗಾರದ ಪ್ರಯಾಣಕ್ಕೆ, ಪುಣೆ ಮುಂಬಯಿಗಳ ವಸತಿಗೆ ನೆರವು ಕೊಡದೆ ಒಳ್ಳೆಯ ಸಂಶೋಧನೆಯನ್ನು ನಿರೀಕ್ಷಿಸುವುದು ತಪ್ಪು.

ಕರ್ನಾಟಕ-ಮಹಾರಾಷ್ಟ್ರ ಗಡಿವಿವಾದದ ನೆರಳಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಹೊಣೆಯೂ ಇದೆ. ಶಾಸನವೊಂದು ಕನ್ನಡದಲ್ಲಿರುವುದನ್ನೂ, ಕಡತವೊಂದು ಮರಾಠಿಯಲ್ಲಿರುವುದನ್ನೂ ಇಂದಿನ ಹಕ್ಕಿನ ಪ್ರಮಾಣವಾಗಿ ಎತ್ತಿ ತೋರಿಸುವ ಒತ್ತಡ ಎರಡೂ ಕಡೆಯಿಂದ ಬರುತ್ತದೆ. ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರು ಕೂಡಿ ಸಂಪಾದಿಸಿ 1988ರಲ್ಲಿ ಪ್ರಕಟಿಸಿದ ರೀತಿಯಲ್ಲಿ, ಎರಡೂ ಕಡೆಯ ವಿದ್ವಾಂಸರು ಪಠ್ಯವನ್ನು ಮೊದಲು ನಿಷ್ಠೆಯಿಂದ ಓದಿಟ್ಟರೆ ವಾದಕ್ಕೆ ಗಟ್ಟಿಯಾದ ನೆಲೆಯಾದರೂ ದೊರೆಯುತ್ತದೆ.

ಸಮೀಪದ ಕಾಲದ ವಿಷಯಗಳಿಗೂ ಇಲ್ಲಿ ಕೊರತೆಯಿಲ್ಲ. 1925ರ ಏಪ್ರಿಲ್‌ನಲ್ಲಿ ಡಾ. ಅಂಬೇಡ್ಕರ್ ಅವರು ನಿಪ್ಪಾಣಿಗೆ ಬಂದು ಬಹಿಷ್ಕೃತರ ಪ್ರಾಂತೀಯ ಪರಿಷತ್ತಿನಲ್ಲಿ ಮಾತನಾಡಿದರು. 1981ರಲ್ಲಿ ಶರದ್ ಜೋಶಿ ಅವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ನಿಪ್ಪಾಣಿಯ ಬಳಿ ಹೆದ್ದಾರಿ ತಡೆದು ನಡೆಸಿದ ಚಳವಳಿ ಪೊಲೀಸ್ ಗೋಲಿಬಾರಿಗೆ ಎದುರಾಯಿತು. ಅದೇ ಕಾಲಕ್ಕೆ ಅಲ್ಲಿನ ತಂಬಾಕು ವಖಾರಿಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಸಂಘ ಕಟ್ಟಿದ್ದರು. ಅವರ ಹೋರಾಟವನ್ನು ಯುಗಾಂತರ್ ಎಂಬ ಮಹಿಳಾ ಚಿತ್ರತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿ ದಾಖಲಿಸಿತು. ಇಂಥ ವಿಷಯಗಳಲ್ಲಿ ಸರಕಾರಿ ಕಡತದಷ್ಟೇ ಮೌಖಿಕ ಇತಿಹಾಸವೂ, ಅಂದರೆ ಕಂಡವರ ಹೇಳಿಕೆಯನ್ನು ಧ್ವನಿಮುದ್ರಿಸಿ, ಅವರ ಒಪ್ಪಿಗೆ ಪಡೆದು, ಬೇರೆ ಆಕರಗಳೊಂದಿಗೆ ತಾಳೆ ನೋಡಿ ಬಳಸುವ ಕ್ರಮವೂ ಮುಖ್ಯ. ಆ ವಖಾರಿಗಳಲ್ಲಿ ಇಪ್ಪತ್ತರ ಹರೆಯದಲ್ಲಿ ದುಡಿದವರಿಗೆ ಈಗ ಅರವತ್ತು ದಾಟಿದೆ. ಎಂ.ಎ. ಅಂತಿಮ ವರ್ಷದ ಸಂಪ್ರಬಂಧಕ್ಕೆ ವಿಷಯ ಹುಡುಕುವ ನಿಪ್ಪಾಣಿ, ಚಿಕ್ಕೋಡಿಗಳ ವಿದ್ಯಾರ್ಥಿಗಳು ಮೊದಲು ಅವರ ಮನೆಗಳಿಗೆ ಹೋಗಿ ಕೇಳಿ ಬರೆದುಕೊಳ್ಳಬಹುದು. ಪತ್ರಾಗಾರದ ಕಾಗದ ಇನ್ನೂ ಕೆಲವು ವರ್ಷ ಕಾಯುತ್ತದೆ.