ಸೇವಾಂತ್ಯ ಪರಿಹಾರದ ಸರಳರೇಖೆ

ಬಹ್ರೇನ್‌ನಲ್ಲಿ ಸಿಬಿಎಸ್‌ಇ ಹತ್ತನೆಯ ತರಗತಿಯಲ್ಲಿ ಓದುವ ಕನ್ನಡದ ಮಕ್ಕಳು ನಕ್ಷೆಹಾಳೆಯ ಮೇಲೆ ಎರಡು ರೇಖೆಗಳನ್ನೆಳೆದು ಅವು ಸಂಧಿಸುವ ಬಿಂದುವನ್ನು ಹುಡುಕುತ್ತಾರೆ. ಊರಿನಲ್ಲಿ ಎಸ್‌ಎಸ್‌ಎಲ್‌ಸಿಗೆ ಕುಳಿತ ಅವರ ಸೋದರಸಂಬಂಧಿಗಳಿಗೂ ಅದೇ ಪಾಠ. ಅಂಕಕ್ಕಾಗಿ ಕಲಿತು ಮರೆಯುವ ಈ ವಿದ್ಯೆ ಗಲ್ಫ್ ನೌಕರಿಯ ಕರಾರುಪತ್ರ ಕೈಸೇರಿದಾಗ ನಿಜಕ್ಕೂ ಒದಗಿಬರುತ್ತದೆ.

ಬಹ್ರೇನ್‌ನ 2012ರ ಕಾರ್ಮಿಕ ಕಾನೂನಿನಂತೆ ಖಾಸಗಿ ಕ್ಷೇತ್ರದ ವಿದೇಶಿ ನೌಕರನಿಗೆ ಸೇವಾಂತ್ಯದಲ್ಲಿ ಪರಿಹಾರ ಸಲ್ಲುತ್ತದೆ: ಮೊದಲ ಮೂರು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ ವೇತನ, ಅನಂತರ ವರ್ಷಕ್ಕೊಂದು ತಿಂಗಳ ವೇತನ. ವೇತನ ಬದಲಾಗದೆಂದು ಇಟ್ಟುಕೊಂಡು ನಕ್ಷೆ ಬರೆಯೋಣ. ಅಡ್ಡ ಅಕ್ಷದಲ್ಲಿ ಸೇವೆಯ ವರ್ಷಗಳು, ಅದು ಎಕ್ಸ್. ಲಂಬ ಅಕ್ಷದಲ್ಲಿ ದೊರೆಯುವ ತಿಂಗಳ ವೇತನಗಳು, ಅದು ವೈ. ರೇಖೆಯು ಮೊದಲು ಮಂದವಾಗಿ ಏರಿ (3, 1.5) ಬಿಂದುವನ್ನು ಮುಟ್ಟುತ್ತದೆ. ಅಲ್ಲಿಂದ ಅದರ ಓರೆ ಇಮ್ಮಡಿಯಾಗಿ ಹತ್ತನೆಯ ವರ್ಷಕ್ಕೆ (10, 8.5) ತಲುಪುತ್ತದೆ. ಈ ಎರಡು ಬಿಂದುಗಳ ನಡುವೆ ವರ್ಷಗಳ ಅಂತರ 7, ತಿಂಗಳುಗಳ ಅಂತರವೂ 7. ಆದ್ದರಿಂದ ಓರೆ 1. ಸಮೀಕರಣ: ವೈ = ಎಕ್ಸ್ − 1.5.

ಒಂದು ವರ್ಷದ ಪೂರ್ಣ ವೇತನ ಕೈಗೆ ಬರಲು ಎಷ್ಟು ಕಾಲ ದುಡಿಯಬೇಕು? ವೈ = 12 ಎಂಬ ಅಡ್ಡರೇಖೆಯನ್ನೆಳೆದರೆ ಅದು ನಮ್ಮ ರೇಖೆಯನ್ನು ಹದಿಮೂರೂವರೆ ವರ್ಷದಲ್ಲಿ ಸಂಧಿಸುತ್ತದೆ. ಹತ್ತು ವರ್ಷಕ್ಕೆ ಹತ್ತು ತಿಂಗಳ ವೇತನವೆಂದು ಬಾಯಿಲೆಕ್ಕ ಹಾಕುವವರ ಮನಸ್ಸಿನಲ್ಲಿರುವುದು ವೈ = ಎಕ್ಸ್ ಎಂಬ ಬೇರೆಯೇ ರೇಖೆ. ಎರಡೂ ಸಮಾಂತರ; ಎಂದಿಗೂ ಸೇರವು. ಮೊದಲ ಮೂರು ವರ್ಷಗಳಲ್ಲಿ ಕಳೆದ ಒಂದೂವರೆ ತಿಂಗಳು ಮೂವತ್ತು ವರ್ಷ ದುಡಿದರೂ ಮರಳದು.

2024ರ ಮಾರ್ಚ್‌ನಿಂದ ಮಾಲೀಕರು ಈ ಹಣವನ್ನು ಪ್ರತಿ ತಿಂಗಳೂ ಸಾಮಾಜಿಕ ವಿಮಾ ಸಂಸ್ಥೆಗೆ ಕಟ್ಟಬೇಕಾಗಿದೆ: ಮೊದಲ ಮೂರು ವರ್ಷ ವೇತನದ ಶೇ 4.2, ಅನಂತರ ಶೇ 8.4. ಗಮನಿಸಿದರೆ ಇವು ಇಪ್ಪತ್ನಾಲ್ಕರಲ್ಲೊಂದು ಮತ್ತು ಹನ್ನೆರಡರಲ್ಲೊಂದು ಭಾಗಗಳ ಸಮೀಪದ ಅಂಕಿಗಳು. ಹಳೆಯ ಓರೆಗಳೇ ವೇಷ ಬದಲಿಸಿವೆ.

ಹೊರಡಲು ಸಿದ್ಧರಾದವರು ಕೇಳಬೇಕಾದುದು ಒಂದಿದೆ. ಸೇವಾಂತ್ಯದ ಲೆಕ್ಕಕ್ಕೆ ಹಿಡಿಯುವುದು ಮೂಲವೇತನವನ್ನೂ, ಸಾಮಾಜಿಕ ಭತ್ಯೆಯಿದ್ದರೆ ಅದನ್ನೂ ಮಾತ್ರ. ಮನೆಬಾಡಿಗೆ, ಸಾರಿಗೆ ಭತ್ಯೆಗಳು ಸೇರವು. ಒಟ್ಟು 400 ದಿನಾರುಗಳ ಎರಡು ನೌಕರಿಗಳಲ್ಲಿ ಒಂದರ ಮೂಲವೇತನ 250, ಇನ್ನೊಂದರದು 350 ಇದ್ದರೆ, ಹತ್ತು ವರ್ಷಗಳ ಬಳಿಕ ಮೊದಲನೆಯದು 2,125 ದಿನಾರು ಕೊಡುತ್ತದೆ, ಎರಡನೆಯದು 2,975.