ಮಸಾಲೆ ಖರೀದಿ: ಕಣ್ಣಳತೆಯೋ, ತಕ್ಕಡಿಯೋ?

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳ ನಡುವೆ ದಾರಿಯ ಅಂತರ ಹೆಚ್ಚಿಲ್ಲ. ಮಳೆಯ ಅಂತರ ಮಾತ್ರ ಬಹಳ. ಬೇಲೂರಿನ ಪಶ್ಚಿಮಕ್ಕೆ ಕಾಫಿ ತೋಟಗಳ ಸಿಲ್ವರ್ ಓಕ್ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ಬೇಲೂರು–ಹಳೇಬೀಡು ಸೀಮೆಯ ಹೊಲಗಳಲ್ಲಿ ಶುಂಠಿ ಬೆಳೆಯುತ್ತದೆ. ಅರಸೀಕೆರೆಯ ಬಯಲಿನಲ್ಲಿ ತೆಂಗು, ಅಲ್ಲಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ. ಬ್ಯಾಡಗಿ ಮೆಣಸಿನಕಾಯಿಯ ಊರು ಸಹ ಅರಸೀಕೆರೆಯಿಂದ ಹುಬ್ಬಳ್ಳಿಗೆ ಹೋಗುವ ರೈಲುಮಾರ್ಗದ ಮೇಲೆಯೇ ಇದೆ. ಸಾರಿನ ಪುಡಿ, ಹುಳಿಪುಡಿ, ಮಾಂಸದ ಮಸಾಲೆ ತಯಾರಿಸುವ ಸಣ್ಣ ಉದ್ದಿಮೆದಾರನಿಗೆ ಇದಕ್ಕಿಂತ ಅನುಕೂಲವಾದ ಸ್ಥಳ ವಿರಳ. ಆದರೆ ಈ ಅನುಕೂಲ ಲಾಭವಾಗುವುದೂ ಸೋರಿಹೋಗುವುದೂ ಖರೀದಿಯ ಹೊತ್ತಿನಲ್ಲಿ. ಕೆ.ಜಿ.ಗೆ ಎಷ್ಟು ರೂಪಾಯಿ ಎಂದು ಎಲ್ಲರೂ ಕೇಳುತ್ತಾರೆ. ಆ ಕೆ.ಜಿ.ಯೊಳಗೆ ನೀರೆಷ್ಟು, ಜೊಳ್ಳೆಷ್ಟು, ಮಣ್ಣೆಷ್ಟು ಎಂದು ಅಳೆದು ನೋಡುವವರು ಕಡಿಮೆ.

ಮೊದಲು ಕಾಳುಮೆಣಸು. ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ರಾಜ್ಯ ಕರ್ನಾಟಕ. ಅದರಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದೇ ದೊಡ್ಡ ಪಾಲು. ಮೆಣಸಿನ ಗುಣವನ್ನು ಅಂಗಡಿಯಲ್ಲೇ ಪರೀಕ್ಷಿಸಲು ಒಂದು ಲೀಟರಿನ ಅಳತೆ ಪಾತ್ರೆ ಹಾಗೂ ಒಂದು ತಕ್ಕಡಿ ಸಾಕು. ಪಾತ್ರೆಯನ್ನು ಒತ್ತದೆ ತುಂಬಿ, ಮೇಲ್ಭಾಗವನ್ನು ಸಮಮಾಡಿ ತೂಗಬೇಕು. ಲೀಟರ್ ತೂಕ 550 ಗ್ರಾಂ ಮುಟ್ಟಿದರೆ ಉತ್ತಮ ಮಾಲು. 500ಕ್ಕಿಂತ ಕೆಳಗಿಳಿದರೆ ಜೊಳ್ಳು ಸೇರಿದೆ ಅಥವಾ ಎಳೆಯ ಕಾಳನ್ನು ಕೊಯ್ದಿದ್ದಾರೆ ಎಂದು ತಿಳಿಯಬಹುದು. ಒಂದು ಹಿಡಿ ಕಾಳನ್ನು ನೀರಿಗೆ ಹಾಕಿದರೆ ಜೊಳ್ಳೂ ಪಪ್ಪಾಯಿ ಬೀಜವೂ ತೇಲುತ್ತವೆ. ಅತಿಯಾಗಿ ಹೊಳೆಯುವ ಮೆಣಸನ್ನು ಬಿಳಿಯ ಕಾಗದದ ಮೇಲೆ ಉಜ್ಜಿ ನೋಡುವುದು ಲೇಸು. ಖನಿಜ ಎಣ್ಣೆ ಸವರಿದ್ದರೆ ಕಾಗದಕ್ಕೆ ಜಿಡ್ಡು ಹತ್ತುತ್ತದೆ. ಹೊಳಪಿಗೆ ಹೆಚ್ಚು ಬೆಲೆ ಕೊಡುವ ಪದ್ಧತಿ ಏಕೆ ಬಂತೋ. ಚೆನ್ನಾಗಿ ಬಲಿತ ಮೆಣಸು ಒಣಗಿದಾಗ ಸುಕ್ಕಾಗಿಯೇ ಇರುತ್ತದೆ.

ತೇವಾಂಶದ ಲೆಕ್ಕವಂತೂ ಪ್ರತಿಯೊಬ್ಬ ಖರೀದಿದಾರನ ಬಾಯಿಪಾಠವಾಗಿರಬೇಕು. ಶೇ. 14 ತೇವಾಂಶವಿರುವ 100 ಕೆ.ಜಿ. ಮೆಣಸು ಕೊಂಡರೆ ಅದರಲ್ಲಿ ಒಣ ಪದಾರ್ಥ 86 ಕೆ.ಜಿ. ಗೋದಾಮಿನಲ್ಲಿ ಒಣಗಿ ತೇವಾಂಶ ಶೇ. 11ಕ್ಕೆ ಇಳಿದಾಗ ತೂಕ 96.6 ಕೆ.ಜಿ.ಗೆ ಬರುತ್ತದೆ. ಕೆ.ಜಿ.ಗೆ 600 ರೂ. ಧಾರಣೆ ಎಂದಿಟ್ಟುಕೊಂಡರೆ ಒಂದು ಕ್ವಿಂಟಾಲಿಗೆ ಸುಮಾರು 2,000 ರೂ. ಕೊಟ್ಟು ಕೊಂಡದ್ದು ನೀರನ್ನು. ಒಣಗದೆ ಹಾಗೆಯೇ ಉಳಿದರೆ ಬೂಷ್ಟು ಹಿಡಿದು ಇನ್ನೂ ದೊಡ್ಡ ನಷ್ಟ. ತೇವಾಂಶ ಮಾಪಕದ ಬೆಲೆಯನ್ನು ಖರ್ಚೆಂದು ನೋಡುವವರು ಈ ಲೆಕ್ಕವನ್ನೊಮ್ಮೆ ತಮ್ಮ ವಾರ್ಷಿಕ ಖರೀದಿಗೆ ಅನ್ವಯಿಸಿ ನೋಡಬಹುದು.

ಚೆನ್ನಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಕೆಡದು. ಇದೇ ಕಾರಣಕ್ಕೆ ದಾಸ್ತಾನಿನ ಆಸೆಯೂ ಹೆಚ್ಚು. 2016ರಲ್ಲಿ ಕೆ.ಜಿ.ಗೆ 700 ರೂ. ಆಸುಪಾಸಿನಲ್ಲಿದ್ದ ಧಾರಣೆ 2019ರ ಹೊತ್ತಿಗೆ ಅರ್ಧಕ್ಕಿಳಿಯಿತು. 2024ರಲ್ಲಿ ಮತ್ತೆ 600 ದಾಟಿತು. ವಿಯೆಟ್ನಾಂನ ಅಗ್ಗದ ಮಾಲನ್ನು ತಡೆಯಲು 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆ.ಜಿ.ಗೆ 500 ರೂ. ಕನಿಷ್ಠ ಆಮದು ಬೆಲೆ ನಿಗದಿಪಡಿಸಿದ ಮೇಲೂ ಧಾರಣೆ ಕುಸಿದದ್ದು ಹಲವರಿಗೆ ಪಾಠವಾಯಿತು. ಪುಡಿ ಮಾಡುವವನು ಸಟ್ಟಾ ವ್ಯಾಪಾರಿಯಾಗಬೇಕಿಲ್ಲ. ಸಾಲದ ಬಡ್ಡಿ ಲೆಕ್ಕಕ್ಕೆ ಹಿಡಿದು ಎರಡು-ಮೂರು ತಿಂಗಳ ಅಗತ್ಯದಷ್ಟು ಇಟ್ಟುಕೊಂಡರೆ ಸಾಕು.

ಶುಂಠಿಯ ವ್ಯವಹಾರ ಬೇರೆ. ಇದರ ಮಾತುಕತೆ 60 ಕೆ.ಜಿ. ಚೀಲದ ಲೆಕ್ಕದಲ್ಲಿ. ತೊಳೆಯದ ಶುಂಠಿಯ ಚೀಲದಲ್ಲಿ ಮಣ್ಣಿನ ತೂಕವೂ ಇರುವುದರಿಂದ ಒಂದು ಚೀಲವನ್ನಾದರೂ ತೊಳೆಸಿ, ನೀರು ಬಸಿದು ತೂಗಿದ ಬಳಿಕ ದರ ಮಾತನಾಡುವುದು ಒಳಿತು. ಒಣಶುಂಠಿ ಮಾಡುವವರು ತಳಿಯನ್ನೂ ವಿಚಾರಿಸಬೇಕು. ಐದು ಕೆ.ಜಿ. ಹಸಿ ಶುಂಠಿಗೆ ಸುಮಾರು ಒಂದು ಕೆ.ಜಿ. ಒಣಶುಂಠಿ ಎಂಬುದು ಸಾಮಾನ್ಯ ಲೆಕ್ಕ. ಆದರೆ ಹಸಿಯಾಗಿ ಮಾರಲೆಂದೇ ಬೆಳೆಯುವ ರಸಭರಿತ ರಿಯೋ-ಡಿ-ಜನೈರೊ (ರೈತರ ಬಾಯಲ್ಲಿ ರಿಗೋಡಿ) ಅಷ್ಟು ಕೊಡದು.

ಮೆಣಸಿನಕಾಯಿಯಲ್ಲಿ ಬಣ್ಣಕ್ಕೂ ಖಾರಕ್ಕೂ ಸಂಬಂಧವಿಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಬಣ್ಣ ಕೊಡುತ್ತದೆ, ಗುಂಟೂರು ಖಾರ ಕೊಡುತ್ತದೆ; ಎರಡನ್ನೂ ಬೇರೆ ಬೇರೆ ಕೊಂಡು ಹದಕ್ಕೆ ಬೆರೆಸುವುದೇ ಜಾಣತನ. ಮುಷ್ಟಿಯಲ್ಲಿ ಹಿಚುಕಿದಾಗ ಮುರಿಯದೆ ಮೆತ್ತಗಾದರೆ ನೀರು ಚಿಮುಕಿಸಿದ ಶಂಕೆ ಇಟ್ಟುಕೊಳ್ಳಬೇಕು. ಲವಂಗವನ್ನು ಉಗುರಿನಿಂದ ಒತ್ತಿದಾಗ ಎಣ್ಣೆ ಜಿನುಗಬೇಕು. ಎಣ್ಣೆ ತೆಗೆದ ಲವಂಗ ನೋಡಲು ಲವಂಗದಂತೆಯೇ ಇದ್ದರೂ ಸಾರಿನಲ್ಲಿ ಕಡ್ಡಿಯಷ್ಟೆ. ಪೇಟೆಯ ಚಕ್ಕೆ ಬಹುಪಾಲು ದಪ್ಪ ತೊಗಟೆಯ ಕ್ಯಾಸಿಯಾ; ಪದರಪದರವಾಗಿ ಸುರುಳಿ ಸುತ್ತಿದ ಶ್ರೀಲಂಕಾದ ದಾಲ್ಚಿನ್ನಿ ಬೇರೆಯೇ ವಸ್ತು. ಅರಿಶಿನವನ್ನು ಪುಡಿಯಾಗಿ ಕೊಳ್ಳದೆ ಕೊಂಬಾಗಿ ಕೊಳ್ಳುವುದರಿಂದ ಬಣ್ಣದ ಕಲಬೆರಕೆಯ ಭಯ ಬಹುಮಟ್ಟಿಗೆ ತಪ್ಪುತ್ತದೆ. ಕರಿಬೇವನ್ನು ನೆರಳಿನಲ್ಲಿ ಒಣಗಿಸಿದರೆ ಹಸಿರೂ ಘಮವೂ ಉಳಿಯುತ್ತವೆ.

ಇಷ್ಟು ಎಚ್ಚರದಿಂದ ಕೊಂಡದ್ದನ್ನು ಗಿರಣಿಯಲ್ಲಿ ಕಳೆದುಕೊಳ್ಳುವುದುಂಟು. ಮಸಾಲೆಯ ಬೆಲೆಯೆಲ್ಲ ಅದರ ಹಾರುವ ಎಣ್ಣೆಯಲ್ಲಿದೆ. ಬೀಸುವಾಗ ಯಂತ್ರ ಬಿಸಿಯಾದಷ್ಟೂ ಆ ಎಣ್ಣೆ ಗಾಳಿಗೆ ಸೇರುತ್ತದೆ. ಓಣಿಗೆಲ್ಲ ಘಮ ಹರಡಿತೆಂದರೆ ಪೊಟ್ಟಣಕ್ಕೆ ಅಷ್ಟು ಕಡಿಮೆಯಾಯಿತೆಂದೇ ಅರ್ಥ. ಕೊತ್ತಂಬರಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿಸಿ, ತಂಪು ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬೀಸಬೇಕು. ಮೆಂತ್ಯ ಒಂದಿಷ್ಟು ಸೀದರೂ ಇಡೀ ಹದ ಕಹಿಯಾಗುತ್ತದೆ. ಅರಸೀಕೆರೆಯ ಕೊಬ್ಬರಿಯನ್ನು ಪುಡಿಗೆ ಬೆರೆಸಿದರೆ ರುಚಿ ಹೆಚ್ಚುವುದು ನಿಜ, ಆದರೆ ಅದರ ಎಣ್ಣೆ ಬೇಗ ಕಮಟುತ್ತದೆ. ಕೊಬ್ಬರಿ ಸೇರಿದ ಮಸಾಲೆಯನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ಸ್ಥಳೀಯವಾಗಿ ಮಾರುವುದು, ದೂರದ ಪೇಟೆಗೆ ಕೊಬ್ಬರಿಯಿಲ್ಲದ ಪುಡಿ ಕಳಿಸುವುದು ಉತ್ತಮ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರ ಎಥಿಲೀನ್ ಆಕ್ಸೈಡ್ ಕಾರಣಕ್ಕೆ ಕೆಲವು ಭಾರತೀಯ ಮಸಾಲೆಗಳನ್ನು ತಡೆದ ಮೇಲೆ ರಫ್ತು ಖರೀದಿದಾರರು ಪ್ರಯೋಗಾಲಯದ ವರದಿಯಿಲ್ಲದೆ ಮಾತನಾಡುವುದಿಲ್ಲ.

ಕೊನೆಯದಾಗಿ ತೆರಿಗೆ. ಹಸಿ ಶುಂಠಿಗೆ ಜಿಎಸ್‌ಟಿ ಇಲ್ಲ. ಒಣಶುಂಠಿಗೆ ಹಾಗೂ ಕಾಳುಮೆಣಸಿಗೆ ಶೇ. 5. ರೈತ ಮಾರುವ ಮೆಣಸಿನ ಬಗ್ಗೆ ಬಹುಕಾಲ ಇದ್ದ ಗೊಂದಲವನ್ನು 2024ರ ಡಿಸೆಂಬರ್ 21ರ ಜಿಎಸ್‌ಟಿ ಮಂಡಳಿ ಸಭೆ ಬಗೆಹರಿಸಿತು: ಕೃಷಿಕನೇ ಮಾರಿದರೆ ಹಸಿಯಾಗಲಿ ಒಣಗಿದ್ದಾಗಲಿ ಅವನಿಗೆ ತೆರಿಗೆಯ ಹೊಣೆಯಿಲ್ಲ. ಆದರೆ ಕಾಯ್ದೆಯ ಪ್ರಕಾರ ಕೃಷಿಕನೆಂದರೆ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಮಾತ್ರ. ಪಾಲುದಾರಿಕೆ ಸಂಸ್ಥೆ ಅಥವಾ ಕಂಪನಿಯ ಹೆಸರಿನ ತೋಟಕ್ಕೆ ಈ ರಿಯಾಯಿತಿ ಸಿಗದು. ಅಂಥವರಿಂದ ಕೊಳ್ಳುವಾಗ ತೆರಿಗೆ ಬಿಲ್ಲು ಕೇಳಿ ಪಡೆಯಬೇಕು. ರೈತನಿಂದ ಕೊಂಡರೆ ಖರೀದಿ ಚೀಟಿಯ ಜೊತೆ ಅವನ ಪಹಣಿಯ ಪ್ರತಿಯನ್ನು ಇಟ್ಟು, ಹಣವನ್ನು ಬ್ಯಾಂಕಿನ ಮೂಲಕವೇ ಪಾವತಿಸುವುದು ಕ್ಷೇಮ. ಅದೇ ಚೀಟಿಯ ಮೇಲೆ ಲೀಟರ್ ತೂಕವನ್ನೂ ತೇವಾಂಶವನ್ನೂ ಬರೆದಿಟ್ಟರೆ, ವರ್ಷಾಂತ್ಯದಲ್ಲಿ ದಾಸ್ತಾನಿನ ತೂಕ ಏಕೆ ಕಡಿಮೆಯಾಯಿತೆಂದು ಅಧಿಕಾರಿ ಕೇಳಿದಾಗ ತೋರಿಸಲು ಕೈಯಲ್ಲಿ ಕಾಗದವಿರುತ್ತದೆ.