ತಾಳಮದ್ದಳೆ ಕಲಿಸುವ ಸಾವಧಾನ

ಕಚೇರಿಯ ಸಭೆಯಲ್ಲಿ ಒಬ್ಬರು ಮಾತನಾಡುತ್ತಿರುವಾಗ ಎದುರಿನವರು ಬಹಳ ಸಲ ಅದನ್ನು ಕೇಳುತ್ತಿರುವುದಿಲ್ಲ. ತಮ್ಮ ಉತ್ತರವನ್ನು ಹೊಸೆಯುತ್ತಿರುತ್ತಾರೆ. ವಿಷಯ ಹಿಂದೆ ಸರಿದು ಜಿದ್ದು ಮುಂದೆ ಬರುತ್ತದೆ. ಇದಕ್ಕೆ ಮದ್ದೆಂದು ಈಗ ಅನೇಕ ಕಂಪೆನಿಗಳು 'ಮೈಂಡ್‌ಫುಲ್‌ನೆಸ್' ತರಬೇತಿ ನಡೆಸುತ್ತಿವೆ. ಹೆಸರು ಹೊಸದು. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನ ಮಳೆಗಾಲದಲ್ಲಿ ಕುಳಿತು ಕೇಳುವ ತಾಳಮದ್ದಳೆಗೆ ಈ ವಿದ್ಯೆ ಹೊಸದಲ್ಲ.

ಪಾಳಿಯ 'ಸತಿ', ಸಂಸ್ಕೃತದ 'ಸ್ಮೃತಿ' ಇದರ ಮೂಲ. ಉಸಿರು, ದೇಹ ಮತ್ತು ಮನಸ್ಸಿನಲ್ಲಿ ಏಳುವ ಭಾವಗಳನ್ನು ಇದ್ದಂತೆಯೇ ಗಮನಿಸುವುದು ಬೌದ್ಧ ಧ್ಯಾನದ ಕ್ರಮ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಇದನ್ನು ರೋಗಿಗಳಿಗೆ ಕಲಿಸತೊಡಗಿದರು. ಅದು ಮುಂದೆ 8 ವಾರಗಳ ಶಿಕ್ಷಣಕ್ರಮವಾಗಿ ಹೆಸರಾಯಿತು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ 'ಸಾವಧಾನ'. ಇಂದು ಅದಕ್ಕೆ ನಿಧಾನ ಎಂಬ ಅರ್ಥ ರೂಢಿಯಲ್ಲಿದ್ದರೂ, ಮೂಲದಲ್ಲಿ ಅದು 'ಅವಧಾನದಿಂದ ಕೂಡಿದ್ದು', ಅಂದರೆ ಗಮನವುಳ್ಳದ್ದು.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪ್ರಸಂಗದ ಪದ್ಯ ಮೊದಲೇ ರಚಿತವಾದದ್ದು. ಅರ್ಥಧಾರಿಯ ಮಾತು ಮಾತ್ರ ಆಗಲೇ ಹುಟ್ಟಬೇಕಾದದ್ದು. ಎದುರಾಳಿ ಎತ್ತಿದ ಪ್ರಶ್ನೆಯನ್ನು ಸರಿಯಾಗಿ ಕೇಳದವನು ಅದಕ್ಕೆ ಉತ್ತರಿಸಲಾರ. ಬಾಯಿಪಾಠ ಮಾಡಿಕೊಂಡು ಬಂದ ಮಾತು ಅಲ್ಲಿ ಬಹಳ ದೂರ ಸಾಗದು.

ಕರ್ಣಪರ್ವದ ಕರ್ಣ-ಶಲ್ಯರ ಸಂವಾದವನ್ನೇ ನೋಡಬಹುದು. ಸಾರಥಿಯಾಗಿ ಕುಳಿತ ಶಲ್ಯ ಕರ್ಣನ ಧೈರ್ಯವನ್ನು ಕುಗ್ಗಿಸುತ್ತಲೇ ಹೋಗುತ್ತಾನೆ. ಜೊತೆಯಲ್ಲೇ ಇದ್ದು ಕಾಲೆಳೆಯುವ ಸಹೋದ್ಯೋಗಿಯನ್ನು ಬಲ್ಲವರಿಗೆ ಈ ಸಂಕಟ ಅಪರಿಚಿತವಲ್ಲ. ಕರ್ಣನ ಅರ್ಥ ಹೇಳುವವನು ಕೋಪವನ್ನು ತೋರಿಸಬೇಕು, ಆದರೆ ಅದರ ಕೈಗೆ ಸಿಕ್ಕಬಾರದು. ಸಿಕ್ಕರೆ ವಾದ ಪಾತ್ರಗಳ ನಡುವೆ ಉಳಿಯದೆ ವ್ಯಕ್ತಿಗಳ ನಡುವಿನ ಜಗಳವಾಗುತ್ತದೆ. ಕೋಪ ಬಂದಿದೆ ಎಂದು ತಿಳಿಯುವುದಕ್ಕೂ ಕೋಪವೇ ತಾನಾಗುವುದಕ್ಕೂ ಇರುವ ಈ ಅಂತರವನ್ನೇ ಸಾವಧಾನದ ಅಭ್ಯಾಸ ಕಲಿಸುತ್ತದೆ.

ಇಲ್ಲಿ ಭಾಗವತರ ಪಾತ್ರವೂ ದೊಡ್ಡದು. ಚರ್ಚೆ ದಾರಿ ತಪ್ಪಿದರೆ ಅವರು ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ. ಯಾರನ್ನೂ ಗದರದೆ ಮಾತು ಕಥೆಗೆ ಮರಳುತ್ತದೆ. ಸಭೆ ನಡೆಸುವ ಅಧಿಕಾರಿಗೆ ಇದೊಂದು ಮಾದರಿ.

ಉದ್ಯೋಗದಲ್ಲಿ ಇದನ್ನು ಅಳವಡಿಸುವುದು ಕಷ್ಟವಲ್ಲ. ಉತ್ತರಿಸುವ ಮುನ್ನ ಒಂದು ಉಸಿರಿನಷ್ಟು ತಡೆಯುವುದು, ಎದುರಿನವರು ಹೇಳಿದ್ದನ್ನು ಅವರಿಗೇ ಒಮ್ಮೆ ಹೇಳಿ ಖಚಿತಪಡಿಸಿಕೊಳ್ಳುವುದು, ದವಡೆ ಬಿಗಿದಿದೆಯೇ, ಎದೆ ಹೊಡೆದುಕೊಳ್ಳುತ್ತಿದೆಯೇ ಎಂದು ಗಮನಿಸುವುದು: ಇಷ್ಟೇ ಆರಂಭ.

ಆದರೆ ಇದು ಎಲ್ಲಕ್ಕೂ ಮದ್ದಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೆಲಸದ ಬಳಲಿಕೆಯನ್ನು ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ತನ್ನ ವರ್ಗೀಕರಣದಲ್ಲಿ ಸೇರಿಸಿತು. ಎಂದರೆ ಇದು ನೌಕರನ ಮನಸ್ಸಿನ ದೌರ್ಬಲ್ಯ ಮಾತ್ರವಲ್ಲ. ತಿಂಗಳುಗಟ್ಟಲೆ ರಾತ್ರಿಯಿಡೀ ಕುಣಿಯುವ ಮೇಳದ ಕಲಾವಿದನಿಗೆ ಬೇಕಾದದ್ದು ಮೊದಲು ನಿದ್ದೆ. ಧ್ಯಾನ ಅದಕ್ಕೆ ಬದಲಿಯಾಗದು. ಹಾಗೆಯೇ ಮಿತಿಮೀರಿದ ಕೆಲಸ ಹೇರುವ ಸಂಸ್ಥೆ, ಉಸಿರಾಟದ ತರಬೇತಿ ಕೊಟ್ಟ ಮಾತ್ರಕ್ಕೆ ತನ್ನ ಹೊಣೆಯಿಂದ ಪಾರಾಗುವುದಿಲ್ಲ. ಸಾವಧಾನ ಜಗಳವನ್ನು ಹದದಲ್ಲಿಡಬಲ್ಲದು. ಅನ್ಯಾಯವನ್ನು ಸರಿಪಡಿಸಲು ಮಾತನ್ನೇ ಆಡಬೇಕು.